ಗುಲಗಂಜಿಗಿಂತ ಹಗುರ

ಅಕ್ಷಯ ತದಿಗೆ. ಚಿಕ್ಕಪೇಟೆಯ ಚಿನ್ನದಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ರಾಯರ ಕಿಸೆಯಲ್ಲಿ 2000 ರೂಪಾಯಿ.

“ಚಿನ್ನದ ನಾಣ್ಯ ತೋರಿಸಪ್ಪಾ.”

“ಎಷ್ಟು ಗ್ರಾಮು ಸಾರ್? 8? 10?”

“2000 ರೂಪಾಯಿಯಷ್ಟು.”

ಹುಡುಗನ ನಗು 24 ಕ್ಯಾರೆಟ್‌ನಿಂದ 18ಕ್ಕೆ ಇಳಿಯಿತು. ರಾಯರಿಗೆಂದು ಬರುತ್ತಿದ್ದ ಬಾದಾಮಿ ಹಾಲೂ ಅರ್ಧ ದಾರಿಯಿಂದ ಹಿಂದಕ್ಕೆ ಹೋಯಿತು.

“100 ಮಿಲಿಗ್ರಾಂದು ಇದೆ, ತಗೊಳ್ಳಿ.”

“ಎಲ್ಲಿ?”

“ಆ ಕಾರ್ಡಿನ ನಡುವೆ ಸಾರ್. ಭೂತಗನ್ನಡಿ ಕೊಡಲೇ?”

“ನಮ್ಮಜ್ಜಿ ಗುಲಗಂಜಿ ಇಟ್ಟು ಚಿನ್ನ ತೂಗಿಸ್ತಿದ್ದಳು. ಇದು ಒಂದು ಗುಲಗಂಜಿಗೂ ಬರೋಲ್ಲವಲ್ಲಯ್ಯಾ!”

“ಗುಲಗಂಜಿಗೆ 999 ಶುದ್ಧತೆ ಇದೆಯಾ ಸಾರ್?”

ಮಾತು ನಿಜ.

“ಮೇಕಿಂಗ್ ಚಾರ್ಜು ಯಾಕಿಷ್ಟು?”

“ಅಚ್ಚು ಹೊಡೆಯೋ ಶ್ರಮ ಚಿಕ್ಕದಕ್ಕೂ ಅಷ್ಟೇ, ದೊಡ್ಡದಕ್ಕೂ ಅಷ್ಟೇ. ಅದಕ್ಕೇ ಚಿಕ್ಕ ನಾಣ್ಯಕ್ಕೆ ಶೇಕಡಾವಾರು ಜಾಸ್ತಿ. ಅದರ ಮೇಲೆ ಜಿಎಸ್‌ಟಿ.”

“ಅಂದ್ರೆ ಬಡವ ಚಿನ್ನಕ್ಕಿಂತ ಸುತ್ತಿಗೆ ಪೆಟ್ಟನ್ನೇ ಹೆಚ್ಚು ಕೊಳ್ತಾನೆ. ಬ್ಯಾಂಕಲ್ಲಿ ತಗೊಂಡ್ರೆ?”

“ಅವರು ಮಾರ್ತಾರೆ, ವಾಪಸ್ ಕೊಳ್ಳಲ್ಲ. ಕಷ್ಟಕಾಲಕ್ಕೆ ನಮ್ಮ ಹತ್ರಾನೇ ಬರಬೇಕು.”

“ಆಗ ಮೇಕಿಂಗ್ ಚಾರ್ಜು ವಾಪಸ್ ಕೊಡ್ತೀರಾ?”

“ಒಳ್ಳೇ ತಮಾಷೆ ಮಾಡ್ತೀರ ಸಾರ್! ಆಮೇಲೆ ಆ ಪ್ಯಾಕ್ ಮಾತ್ರ ಒಡೀಬೇಡಿ. ಮಾರುವಾಗ ರಗಳೆ.”

ರಾಯರು ಮನೆಗೆ ಬಂದು, ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು, ಲಕ್ಷ್ಮಿಯ ಪಟದ ಮುಂದೆ ಕಾರ್ಡಿಟ್ಟು ಹೆಂಡತಿಗೆ ಹೇಳಿದರು:

“ಕುಂಕುಮ ಕೈಬಿಗಿ ಮಾಡಿ ಹಾಕೇ. ಮೊದಲನೇ ಚಿಟಿಕೆಗೇ ಮುಚ್ಚಿಹೋಗುತ್ತೆ.”