ಹಾಡವ್ರು ಎಲ್ಲಿ ಹ್ವಾದ್ರು?

ಬನಶಂಕರಿ ಜಾತ್ರೆಗೆ ಹೊರಟ ಬಸ್ಸಿನಲ್ಲಿ ಬಾಗಲಕೋಟೆಯ ಎಂಜಿನಿಯರಿಂಗ್ ಹುಡುಗ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 2014ರ ಆಲ್ಬಮ್ ‘ದಿ ಎಂಡ್‌ಲೆಸ್ ರಿವರ್’ ಹಚ್ಚಿದ್ದ.

ಡಿಜೆಯವ: ಹಾಡು ಯಾವಾಗ ಶುರು?

ಹುಡುಗ: 18ನೇದ್ರಾಗ. ಅಲ್ಲೀತನಕ ಹೆಚ್ಚಾಗಿ ವಾದ್ಯನ.

ಹುನಗುಂದದ ರೈತ: ಉಳಿದ 17ಕ್ಕೂ ಹಾಡವಗ ಪಗಾರ ಕೊಟ್ರೇನು?

ಇಳಕಲ್ಲಿನ ನೇಕಾರ: ಒಡಲೆಲ್ಲಾ ಸಾದಾ ನೇಯ್ದು, ಕಡೀಕ ಕೊಂಡಿ ಹಾಕಿ ಸೆರಗು ಜೋಡಿಸ್ಯಾರ. ಕಸಬು ಗೊತ್ತಿದ್ದವರ!

ನಾಟಕ ಕಂಪನಿ ಮಾಸ್ತರ: ಜಾತ್ರ್ಯಾಗ ನಾವು ಅರ್ಧ ನಿಮಿಷ ಸುಮ್ಮಿದ್ರ ಸಾಕು, ಕರೆಂಟ್ ಹೋತಂತ ಸಿಳ್ಳಿ ಹೊಡೀತಾರ.

ಹುಡುಗ: ಕೀಬೋರ್ಡಿನ ರಿಚರ್ಡ್ ರೈಟ್ 2008ರಾಗ ತೀರ್ಕೊಂಡ. 1993-94ರಾಗ ಅಂವ ನುಡಿಸಿಟ್ಟಿದ್ದನ್ನ ಗೆಳ್ಯಾರು ಕೂಡಿಸ್ಯಾರ.

ಬಸ್ಸು ಗಪ್ಪಾಯಿತು. (ಸತ್ತವರ ಸುದ್ದಿ ಬಂದರೆ ನಮ್ಮಲ್ಲಿ ವಿಮರ್ಶೆಗೂ ಸೂತಕ.)

ಅಜ್ಜಿ: ಪಾಪ, ಅಷ್ಟು ದುಃಖದಾಗ ಎಲ್ಲಿ ಹಾಡ್ಯಾರು!

ಡಿಜೆಯವ: ನನಗ ಕಳಸು ತಮ್ಮಾ, ಕೆಳಗ ಬೀಟ್ ಕೂಡಿಸ್ತೀನಿ. ಗಣಪತಿ ಕಳಿಸೂವಾಗ ಬೇಕಾಕ್ಕತಿ.