ಉಮೇದಿದೆ, ಮಂಡಿ ಒಪ್ತಿಲ್ಲ

ಪಾರಸಿಯಲ್ಲಿ ‘ಉಮೀದ್’ ಅಂದರೆ ಭರವಸೆ. ಕನ್ನಡಕ್ಕೆ ಬಂದು ‘ಉಮೇದು’ ಆಗುವಷ್ಟರಲ್ಲಿ ಅದಕ್ಕೆ ಹುರುಪು ಹತ್ತಿಬಿಟ್ಟಿತು. ಚುನಾವಣೆಗೆ ನಿಂತವರು ಮಾತ್ರ ಇವತ್ತಿಗೂ ಹಳೇ ಅರ್ಥದ ಉಮೇದುವಾರರೇ. ಠೇವಣಿ ಹೋಗುವ ತನಕ ಭರವಸೆಗೇನು ಬರ!

ಉಮೇದನ್ನು ಕಣ್ಣಾರೆ ನೋಡಬೇಕೇ? ಜನವರಿ ಮೊದಲ ವಾರ ಮೈಸೂರಿನ ಹೆಬ್ಬಾಳ ಕೆರೆ ದಂಡೆಗೆ ಬನ್ನಿ. ಹೊಸ ಬೂಟು, ಮಡಿಕೆ ಬಿಡದ ಟ್ರ್ಯಾಕ್ ಸೂಟು, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಅರ್ಧ ಸುತ್ತಿಗೇ ಯಜಮಾನರು ಬೆಂಚು ಹಿಡಿಯುತ್ತಾರೆ.

“ಏಳ್ರೀ, ಇನ್ನರ್ಧ ಇದೆ.”

“ಉಮೇದಿದೆ ಕಣೇ, ಮಂಡಿ ಒಪ್ತಿಲ್ಲ.”

ಆಮೇಲೆ ಇಡ್ಲಿ-ವಡೆ ಹೋಟೆಲಿನತ್ತ ಅದೇ ಮಂಡಿ ಓಡುವುದನ್ನು ನೋಡಬೇಕು! ಉತ್ಸಾಹ ಭಾಷಣಕ್ಕೆ, ಉಮೇದು ತಿಂಡಿಗೆ.

ನೆಮ್ಮದಿಯಾಗಿ ನಡೆಯಬೇಕೆನ್ನುವವರು ಸಂಕ್ರಾಂತಿ ಕಳೆದ ಮೇಲೆ ಬನ್ನಿ. ಬೆಂಚೂ ಖಾಲಿ ಇರುತ್ತದೆ.