ಎಮ್ಮೆ ಮುಂದೂಡಲಿ

1949ರಲ್ಲಿ ಮುಂಬಯಿಯ ಗೋರೆಗಾಂವದಲ್ಲಿ ಹುಟ್ಟಿದ್ದು ಆರೇ ಹಾಲಿನ ಕಾಲನಿ. ಊರೊಳಗಿನ ಎಷ್ಟೋ ಎಮ್ಮೆ ತಬೇಲಗಳು ಅತ್ತ ಸಾಗಿದವು. ಕರೆಯುವ ಎಮ್ಮೆ ಬೇಸಗೆಯಲ್ಲಿ ದಿನಕ್ಕೆ ಹತ್ತಾರು ಲೀಟರ್ ನೀರು ಹೀರುತ್ತದೆ. ಮೈತೊಳೆಯುವ ಲೆಕ್ಕ ಬೇರೆ. ಆ ಲೆಕ್ಕ ಬಲ್ಲ ಅಲ್ಲಿನ ಹಾಲಿನ ಭೈಯಾನಿಗೆ, ನೀರಿನ ಬಗ್ಗೆ ‘ಜನಸಹಭಾಗಿತ್ವ’ದ ಸಭೆಗೆ ಸರಕಾರಿ ಸಾಹೇಬರಿಂದ ಕರೆ ಬಂತೆಂದುಕೊಳ್ಳಿ.

“ಸಭೆ ಸಂಜೆ ನಾಲ್ಕಕ್ಕೆ.”

“ಸಾಹೇಬರೆ, ಅದು ಹಾಲು ಕರೆಯೋ ಹೊತ್ತು.”

“ಎಮ್ಮೆಗೆ ಹೇಳಿ, ಮುಂದೂಡಲಿ.”

“ತೊಟ್ಟಿಯ ನಲ್ಲಿ ಸೋರ್ತಿದೆ. ಒಂದು ವಾಷರ್ ಸಾಕು.”

“ವಾಷರ್ ಅಜೆಂಡಾದಲ್ಲಿಲ್ಲ. ಇಲ್ಲಿ ಸಹಿ ಹಾಕಿ.”

“ಇಂಗ್ಲಿಷಿನಲ್ಲಿದೆಯಲ್ಲ?”

“ಓದೋ ತಾಪತ್ರಯ ತಪ್ಪಿತಲ್ಲ!”

ಬಾಗಿಲಲ್ಲಿ ಆದಿವಾಸಿ ಕೇರಿಯ ವಾರ್ಲಿ ಹೆಂಗಸೊಬ್ಬಳು ಖಾಲಿ ಕೊಡ ಹಿಡಿದು ನಿಂತಿದ್ದಳು. “ನಮ್ಮ ಪಾಡಾಕ್ಕೆ ನೀರು?”

“ನೀವು ಬೇರೆ ವಿಭಾಗ.”

ಸಾಹೇಬರು ಬಾಟಲಿ ನೀರು ಎರಡು ಗುಟುಕು ಕುಡಿದು, ಉಳಿದದ್ದನ್ನು ಮೇಜಿನ ಮೇಲೆ ಬಿಟ್ಟೆದ್ದರು. ಹೊರಗೆ ನಲ್ಲಿ ತೊಟತೊಟ ಸೋರುತ್ತಲೇ ಇತ್ತು.